ನಾಲಿಗೆ ತೋರಿಸಿದ ಶಿಷ್ಯ

ಅಡಿವೆಪ್ಪ ಮಠಕ್ಕೆ ಬಂದಾಗಿನಿಂದ ಒಂದು ಕಡೆ ಕೂತವನಲ್ಲ. ಮೂವತ್ತು ದಾಟಿದ ಗಂಡಸು, ಊಟ ಮಾಡುವುದೂ ನಿಂತೇ. ಯಾರಾದರೂ "ಕುಂದ್ರೋ" ಅಂದರೆ ಪಾಪ, ಕೂರುತ್ತಿದ್ದ. ಅವರು ಆಚೆ ತಿರುಗಿದ್ದೇ ತಡ, ಮತ್ತೆ ಎದ್ದು ಬಾಗಿಲ ಹತ್ತಿರ ಹೋಗುತ್ತಿದ್ದ.

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಒಂದು ರೂಢಿ. ಬೆಳಗಿನ ಪೂಜೆ ಮುಗಿದ ಮೇಲೆ ಮಠದ ಹಿರಿಯರಾದ ರೇವಣಜ್ಜ ತಾವೇ ಕಷಾಯ ಕಾಸಿ ಎಲ್ಲರ ಬಟ್ಟಲಿಗೂ ಹಾಕುತ್ತಿದ್ದರು.

ಮೊದಲ ದಿನ ಅಡಿವೆಪ್ಪ ಗಟಗಟ ಕುಡಿದ. ಕುಡಿದು ಅಜ್ಜರ ಮುಂದೆ ನಿಂತು ಬಾಯಿ ಅಗಲಿಸಿ ನಾಲಿಗೆ ಹೊರಗೆ ಹಾಕಿದ. ಆಮೇಲೆ ನಾಲಿಗೆ ಮೇಲೆತ್ತಿ ಅದರ ಅಡಿಯನ್ನೂ ತೋರಿಸಿದ.

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಅಜ್ಜ ನಗಲಿಲ್ಲ.

"ಇದನ್ನ ಯಾರು ಕಲಿಸಿದ್ರೋ?"

"ದವಾಖಾನ್ಯಾಗ್ರೀ. ಗುಳಿಗಿ ನುಂಗೇನಿ ಅಂತ ತೋರಸಬೇಕಿತ್ತು. ಇಲ್ಲಾಂದ್ರ ಇಬ್ರು ಹಿಡಕೋತಿದ್ರು, ಒಬ್ಬ ದವಡಿ ಒತ್ತತಿದ್ದ."

ಅಜ್ಜ ತಮ್ಮ ಬಟ್ಟಲೆತ್ತಿ ಕುಡಿದರು. ಅಡಿವೆಪ್ಪನ ಮುಂದೆ ಬೊಚ್ಚುಬಾಯಿ ತೆರೆದು ನಾಲಿಗೆ ಹೊರಗೆ ಹಾಕಿದರು. ಈಗ ಯಾರೂ ನಗಲಿಲ್ಲ.

"ನಾ ನುಂಗೇನೋ ಇಲ್ಲೋ, ಹೇಳು."

ಅಡಿವೆಪ್ಪನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಸೀದಾ ಹೊಳೆಯ ಕಡೆ ನಡೆದುಬಿಟ್ಟ.

ಅಜ್ಜ ಕೋಲೂರಿಕೊಂಡು ಹಿಂದೆಯೇ ಹೋದರು. ಅವನು ಮರಳಿನಲ್ಲಿ ಆಚೆಯಿಂದೀಚೆ ತಿರುಗುತ್ತಿದ್ದ. ನಿಲ್ಲು ಅನ್ನಲಿಲ್ಲ ಅಜ್ಜ. ಮಂಡಿ ನೋಯುತ್ತಿದ್ದರೂ ಅವನ ಜೊತೆ ತಾವೂ ತಿರುಗಿದರು.

"ಸಣ್ಣಾವಿದ್ದಾಗ ನಮ್ಮ ಕಾಕಾ ನನ್ನ ಬಾಯಿ ಮುಚ್ಚತಿದ್ದ," ಅಡಿವೆಪ್ಪ ಒದರಿದ. "ಹೊರಗ ಕೇಳಬಾರದಂತ, ಅಂಗೈಲೆ. ದೊಡ್ಡಾವ ಆದ ಮ್ಯಾಲೆ ಅವ ಮಾಡಿದ್ದನ್ನ ಮನ್ಯಾಗ ಹೇಳಿದೆ. ತಲಿ ಕೆಟ್ಟೈತಿ ಅಂದ್ರು, ದವಾಖಾನಿಗೆ ಹಾಕಿದ್ರು. ಅಲ್ಲಿ ಜಬರ್ದಸ್ತಿ ಬಾಯಿ ತೆರೆಸಿದ್ರು. ಮುಚ್ಚಿದಾವನೂ ನಿನ್ನ ಒಳ್ಳೇದಕ್ಕ ಅಂದ, ತೆರೆಸಿದಾವ್ರೂ ಅದನ್ನ ಅಂದ್ರು. ಈ ಬಾಯಿ ನಂದು ಯಾವಾಗ ಆಗತೈತ್ರೀ ಅಜ್ಜಾರ?"

ಅಜ್ಜ ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಅವನ ಜೊತೆ ಮತ್ತೊಂದು ಸುತ್ತು ಹಾಕಿದರು.

"ಆ ಗುಳಿಗಿ ಬಿಟ್ಟುಬಿಡ್ಲೇನ್ರಿ?"

"ಗುಳಿಗಿ ಬಂದು ನಿನ್ನ ದವಡಿ ಹಿಡದಿತ್ತೇನು? ಅದಕ್ಕ ಕೈ ಎಲ್ಲಿದಾವು?" ಅಂದರು ಅಜ್ಜ. "ಅದನ್ನ ನಂಬಿಗಸ್ತ ಡಾಕ್ಟರನ್ನ ಕೇಳೂಣು, ನಾನೂ ಬರ್ತೀನಿ. ನಾಳಿಂದ ಇಲ್ಲಿ ಕಷಾಯ ನೀ ಕಾಸು. ಹಾಕೂ ಮುಂದ ಎಲ್ಲಾರನೂ ಕೇಳಿ ಹಾಕು."

ಮರುದಿನದಿಂದ ಹಾಗೇ ಆಯಿತು. ಶುಂಠಿ ಜಜ್ಜುವುದರಿಂದ ಹಿಡಿದು ಎಲ್ಲಾ ಅವನದೇ. "ಹಾಕ್ಲೇನ್ರಿ?" ಅಂತ ಕೇಳುವನು. ಹಾಕು ಅಂದವರಿಗೆ ಹಾಕುವನು, ಒಲ್ಲೆ ಅಂದವರನ್ನು ದಾಟಿ ಹೋಗುವನು. ತಾನು ಮಾತ್ರ ಯಾರಿಗೂ ಒಲ್ಲೆ ಅಂದವನಲ್ಲ. ಹೊಟ್ಟೆ ಬಿರಿಯುವಷ್ಟು ರೊಟ್ಟಿ ನೀಡಿದರೂ ತಿನ್ನುತ್ತಿದ್ದ.

ಹೊಳೆ ತುಂಬುವ ಹೊತ್ತಿಗೆ ಅಜ್ಜರಿಗೆ ಜ್ವರ ಬಂತು. ಹಾಸಿಗೆ ಹಿಡಿದರು, ಗಂಜಿಯನ್ನೂ ಬಿಟ್ಟರು. ಅಡಿವೆಪ್ಪ ಒಲೆಗೂ ಹಾಸಿಗೆಗೂ ಓಡಾಡಿ ಓಡಾಡಿ ಸುಣ್ಣವಾದ. ತನ್ನ ಮಾತು ನಂಬಿದ ಮನುಷ್ಯ ಭೂಮಿ ಮೇಲೆ ಇವರೊಬ್ಬರೇ. ಇವರೂ ಹೋದರೆ?

"ಕಷಾಯ ಕುಡೀರಿ ಅಜ್ಜಾರ."

"ಒಲ್ಲೆ."

"ಒಂದ ಗುಟುಕು."

"ಒಲ್ಲೆನೋ ಮಾರಾಯ, ಹೊಟ್ಟಿ ತೊಳಸಾಕತ್ತೈತಿ."

ಅಡಿವೆಪ್ಪನ ಎಡಗೈ ಅಜ್ಜರ ದವಡೆ ಹಿಡಿಯಿತು. ಬಲಗೈ ಬಟ್ಟಲನ್ನು ತುಟಿಗೆ ಒತ್ತಿತು.

"ಕುಡೀರಿ! ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ!"

ತನ್ನ ಮಾತು ತನ್ನ ಕಿವಿಗೇ ಬಿತ್ತು. ದವಡೆ ಹಿಡಿದ ಕೈಯನ್ನು ಬಿಟ್ಟುಬಿಟ್ಟ. ಅಜ್ಜರ ಗಡ್ಡದಲ್ಲಿ ಕಷಾಯ ಇಳಿಯುತ್ತಿತ್ತು.

ಅವನು ಬಟ್ಟಲು ಹಿಡಿದುಕೊಂಡೇ ಬಾಗಿಲವರೆಗೆ ಹಿಂದೆ ಸರಿದ. ಅಳು ಒತ್ತರಿಸಿ ಬಂತು.

"ನಾನೂ ಅವರ ಹಂಗ ಆದೆ. ಹೋಗ್ತೀನ್ರಿ ಅಜ್ಜಾರ, ಇನ್ನ ನಾ ಇಲ್ಲಿರಬಾರದು."

"ಅವರು ಹಿಂಗ ಹಿಡದ ಕೈ ಬಿಟ್ಟಿದ್ರೇನು?" ಅಜ್ಜರ ದನಿ ಸೋತಿತ್ತು. "ಹೋಗಾವಿದ್ರ ಹೋಗು, ಬಾಗಲಾ ತೆರದೈತಿ. ಆದ್ರ ಕೊಡೂ ಮುಂದ ಕೇಳೂದು ಕೇಳಲಿಲ್ಲ ನೀ."

ಅಡಿವೆಪ್ಪ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತ. ಒಂದು ಕಾಲು ಒಳಗೆ, ಒಂದು ಹೊರಗೆ. ಬಟ್ಟಲಲ್ಲಿ ಇನ್ನೂ ಅರ್ಧ ಕಷಾಯ ಇತ್ತು. ಕಡೆಗೆ ಹೊರಗಿನ ಕಾಲನ್ನು ಒಳಗೆ ತಂದ.

"ಕೊಡ್ಲೇನ್ರಿ ಅಜ್ಜಾರ?"

"ಒಲ್ಲೆ. ಬಟ್ಟಲಾ ಅಲ್ಲಿಡು. ಬಾ, ಬಾಜೂಕ ಕುಂದ್ರು."

ಅಡಿವೆಪ್ಪ ಬಟ್ಟಲು ಕೆಳಗಿಟ್ಟ. ಹಾಸಿಗೆಯ ಪಕ್ಕ ಬಂದು ನಿಂತ.

"ಒಲ್ಲೆರೀ," ಅಂದ. "ಕುಂದ್ರಾಕ ಒಲ್ಲೆ."

ಅಜ್ಜ ಅವನ ಕಡೆ ನೋಡಿ, ಮಗ್ಗಲು ಬದಲಿಸಿ, ಹೊದಿಕೆ ಎಳೆದುಕೊಂಡರು.

"ಹಂಗಾರ ನಿಂತ ಇರು. ನೀ ಇದ್ದೀಯಲ್ಲ, ನಾ ಒಂದೀಟು ಕಣ್ಣ ಮುಚ್ಚತೀನಿ."