ತಲೆಯಾಡಿಸಿದ ಬಳೆಗಾರ

ಮಠದ ಜೀಪು ಓಡಿಸುವ ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ: "ಬುದ್ಧಿ, ಕೈ ಸ್ಟೇರಿಂಗ್ ಮೇಲಿದೆ, ಕಣ್ಣು ರಸ್ತೆಯ ಮೇಲಿದೆ. ಕಿವಿಯೊಂದನ್ನು ಫೋನಿಗೆ ಕೊಟ್ಟರೆ ತಪ್ಪೇನು?"

ಗುರುಗಳು ನಕ್ಕರು. "ಕಿವಿ ಒಂದೇ ಹೋಗುತ್ತದೆ ಎಂದುಕೊಂಡೆಯಾ? ಕೇಳು," ಎಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ವ್ಯಾನಿನಲ್ಲಿ ಸಂತೆಯಿಂದ ಸಂತೆಗೆ ಬಳೆ ಒಯ್ಯುತ್ತಿದ್ದ. ಗಾಜಿನ ಸರಕು, ಹಾಗಾಗಿ ಹಳ್ಳ ದಿಣ್ಣೆ ನೋಡಿಯೇ ಓಡಿಸುವವನು. ತನ್ನಷ್ಟು ಜಾಗರೂಕ ಇನ್ನೊಬ್ಬನಿಲ್ಲ ಎಂಬ ಬಿಂಕವೂ ಇತ್ತು. ಒಂದು ದಿನ ದಾರಿಯಲ್ಲಿದ್ದಾಗ ಹೆಂಡತಿ ಫೋನ್ ಮಾಡಿದಳು. ಕಿವಿಗೆ ವೈರು ಸಿಕ್ಕಿಸಿಕೊಂಡು ಮಾತಿಗಿಳಿದ. ಊಟಕ್ಕೆ ಹುರುಳಿ ಸಾರು ಮಾಡಲೇ ಎಂದು ಅವಳು ಕೇಳಿದಳು. ಕಣ್ಣು ರಸ್ತೆಯ ಮೇಲೆ, ಮನಸ್ಸು ಒಲೆಯ ಮುಂದೆ. "ಹೂಂ, ಮಾಡು," ಎನ್ನುತ್ತ ತಲೆಯಾಡಿಸಿದ.

ಅದೇ ಹೊತ್ತಿಗೆ ಮುಂದೆ ರಸ್ತೆಯಂಚಿನಲ್ಲಿ ಒಬ್ಬ ಕುರಿಗಾಹಿ ಮಂದೆ ಹಿಡಿದು ನಿಂತಿದ್ದ. ಆ ಸೀಮೆಯ ಕುರಿಗಾಹಿಗಳದ್ದು ಒಂದು ಪದ್ಧತಿ. ಗಾಡಿ ಕಂಡರೆ ಕೋಲೆತ್ತಿ ಓಡಿಸುವವನ ಮುಖ ನೋಡುತ್ತಾರೆ. ಅವನು ತಲೆಯಾಡಿಸಿದರೆ ದಾಟುತ್ತಾರೆ. ಇವನೂ ಕೋಲೆತ್ತಿದ್ದ. ಬಳೆಗಾರ ತನ್ನತ್ತಲೇ ನೋಡಿ ತಲೆಯಾಡಿಸಿದ್ದನ್ನು ಕಂಡ. ಮರಿಯೊಂದನ್ನು ಎತ್ತಿಕೊಂಡು ರಸ್ತೆಗೆ ಇಳಿದ.

ವ್ಯಾನು ನಿಲ್ಲಲಿಲ್ಲ. ಕುರಿಗಾಹಿ ಕಿರುಚಿಕೊಂಡ. ಆಗ ಬಳೆಗಾರ ಎಚ್ಚೆತ್ತು ಬ್ರೇಕ್ ಒತ್ತಿದ. ವ್ಯಾನು ಜಾರುತ್ತ ಹೋಗಿ ಕುರಿಗಾಹಿಯಿಂದ ಗೇಣು ದೂರದಲ್ಲಿ ನಿಂತಿತು. ಹಿಂದೆ ಬಳೆಯ ಪೆಟ್ಟಿಗೆಗಳೆಲ್ಲ ಉರುಳಿಬಿದ್ದವು.

ಬಳೆಗಾರ ಇಳಿದು ಬಂದು, "ನಾನು ಬರೋದು ಕಾಣ್ಲಿಲ್ವೇನಯ್ಯ?" ಎಂದ.

"ಕಂಡೆ ಅಣ್ಣ. ನೀವೇ ತಲೆ ಆಡಿಸಿದ್ರಲ್ಲ, ನಿಲ್ಲಿಸ್ತೀರಿ ಅಂತ ನಂಬಿ ಇಳಿದೆ," ಎಂದ ಕುರಿಗಾಹಿ.

ಬಳೆಗಾರ ಅವನ ಮೈಕೈ ತಡವಿ ನೋಡಿದ. ಒಂದು ತರಚು ಗಾಯವೂ ಇಲ್ಲ. ಮರಿ ಅರಚುತ್ತಿತ್ತು, ಅದಕ್ಕೂ ಏನೂ ಆಗಿರಲಿಲ್ಲ. ಬಳೆಗಾರನಿಗೆ ಹೋದ ಜೀವ ಬಂದಂತಾಯಿತು. ಆಗಲೇ ಅವನಿಗೆ ಹೆಂಡತಿಯ ನೆನಪಾದದ್ದು. ಕಿವಿಯಲ್ಲಿ ಅವಳು ಅಳುತ್ತಿದ್ದಳು. ಅವಳಿಗೆ ಕೇಳಿಸಿದ್ದು ಒಂದು ಕಿರುಚು, ಅದರ ಬೆನ್ನಿಗೇ ರಾಶಿ ಬಳೆ ಒಡೆದ ಸದ್ದು.

"ಏನೂ ಆಗಿಲ್ಲ ಕಣೇ. ಬಳೆ ಹೆಚ್ಚಿದವು, ಅಷ್ಟೇ," ಎಂದ. ಮುತ್ತೈದೆಗೆ ಬಳೆ ಒಡೆದವು ಎನ್ನಬಾರದಲ್ಲ. ಹಾಗೆಂದವನು ರಸ್ತೆಯ ಬದಿಯಲ್ಲಿ ಕೂತು ತಾನೂ ಅತ್ತುಬಿಟ್ಟ. ಕುರಿಗಾಹಿ ನೀರು ಕೊಟ್ಟ.

ಕತೆ ಕೇಳಿದ ನಿಜಗುಣ ನಿಟ್ಟುಸಿರು ಬಿಟ್ಟ. "ಸದ್ಯ, ಎಲ್ಲರೂ ಉಳಿದರು. ಆದರೂ ಬುದ್ಧಿ, ತಪ್ಪು ತಿಳಿದವನು ಕುರಿಗಾಹಿಯೇ. ಬಳೆಗಾರ ತಲೆಯಾಡಿಸಿದ್ದು ಹೆಂಡತಿಗಲ್ಲವೇ?"

ಗುರುಗಳು ಕೇಳಿದರು: "ಅದು ಹೆಂಡತಿಗೆ ಕಾಣುತ್ತಿತ್ತೇ?"