ಪ್ಲೇಗಿಲ್ಲ ಎಂಬ ಡಂಗುರ

ಬೆಳಿಗ್ಗೆ ಎದ್ದ ತಳವಾರ ಕೆಂಚನಿಗೆ ಮಗಳ ತೊಟ್ಟಿಲ ಕೆಳಗೆ ಸತ್ತ ಇಲಿ ಕಂಡಿತು. ಹಿಂದಿನ ದಿನವಷ್ಟೇ ಗಾಣದ ಕಾಳಪ್ಪನ ಮನೆಯಿಂದ ಪ್ಲೇಗಿನ ಎರಡು ಹೆಣ ಎದ್ದಿದ್ದವು.

ಊರು ಬಿಡೋಣ ಎಂದು ಹೇಳಲು ಹೋದರೆ ಪಟೇಲ ವೀರಭದ್ರಪ್ಪನವರು ಮೀಸೆ ತಿರುವಿದರು.

"ಊರು ಖಾಲಿಯಾದ್ರೆ ಸಂತೆ ಸುಂಕ ಯಾರು ಕೊಡ್ತಾರೋ? ಪ್ಲೇಗಿಲ್ಲ ಅಂತ ಡಂಗುರ ಹೊಡಿ. ಇಲ್ದಿದ್ರೆ ತಳವಾರಿಕೆ ಬಿಟ್ಟು ನಡಿ!"

"ಆಗಲಿ ಬುದ್ಧೀ," ಎಂದ ಕೆಂಚ.

ತಮಟೆ ಹೆಗಲಿಗೇರಿಸಿ ಹೊರಟ. ಬೀದಿಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗಿದ: "ಕೇಳ್ರಪ್ಪೋ ಕೇಳಿ! ನಮ್ಮೂರಲ್ಲಿ ಪ್ಲೇಗಿಲ್ಲ! ಯಾರೂ ಹೆದರಬೇಡಿ! ಇವತ್ತು ಪಟೇಲರೇ ಕಾಳಪ್ಪನ ಮನೇಲಿ ಮಲಗ್ತಾರೆ, ಬಂದು ನೋಡಿ!"

ಊರಿಗೆ ಊರೇ ಪಟೇಲರ ಜಗಲಿ ಮುಂದೆ ನೆರೆಯಿತು. ಅವರ ಬಾಯನ್ನೇ ನೋಡಿತು.

"ಹೊರಡಿ ಬುದ್ಧೀ, ಹಾಸಿಗೆ ನಾ ಹೊತ್ತು ತರ್ತೀನಿ," ಎಂದು ಕೆಂಚ ಕೈಮುಗಿದ.

ಪಟೇಲರು ಒಂದು ಹೆಜ್ಜೆ ಹಿಂದೆ ಸರಿದರು. "ಜಾಗ ಬದಲಾದ್ರೆ... ನಂಗೆ ನಿದ್ದೆ ಬರಲ್ಲ ಕಣೋ."

ಯಾರೂ ನಗಲಿಲ್ಲ. ಎಲ್ಲರೂ ಮನೆಗೆ ಓಡಿ ಗಂಟುಮೂಟೆ ಕಟ್ಟಿದರು. ಹೊತ್ತು ಮುಳುಗುವ ಮುಂಚೆ ಊರೆಲ್ಲ ಹೊಲದ ಕಡೆ ಸಾಲುಗಟ್ಟಿತು.

ಮಗಳನ್ನು ಎದೆಗವಚಿಕೊಂಡು ಕೆಂಚ ಓಡೋಡಿ ಬಂದ. ಸಾಲಿನ ಮೊದಲ ಗಾಡಿಯಲ್ಲಿ ಪಟೇಲರು ಕೂತಿದ್ದರು, ಹಾಸಿಗೆ ಸುರುಳಿ ತಬ್ಬಿಕೊಂಡು.