ಹುಲ್ಲುಗಾವಲು ಬೇರೆಯಾದ ದಿನ

ಮಕ್ಕಳೇ, ಒಂದು ಕಾಡಿನಲ್ಲಿ ಅತ್ತಿಮರಗಳ ತೋಪಿತ್ತು. ಮರದ ಮೇಲೆ ಮುಸುವಗಳು, ಅಂದರೆ ಕರಿಮೂತಿಯ ಕೋತಿಗಳು. ಕೆಳಗಿನ ಹುಲ್ಲುಗಾವಲಿನಲ್ಲಿ ಚುಕ್ಕೆ ಜಿಂಕೆಗಳು. ಅಜ್ಜ ಮುತ್ತಜ್ಜರ ಕಾಲದಿಂದ ಅವರದು ಒಂದೇ ಒಕ್ಕೂಟ. ಮುಸುವಗಳು ಹಣ್ಣು ಉದುರಿಸುತ್ತಿದ್ದವು, ಚಿರತೆ ಕಂಡರೆ "ಖೊಕ್! ಖೊಕ್!" ಎಂದು ಕೂಗುತ್ತಿದ್ದವು. ಗಾಳಿಯಲ್ಲಿ ಚಿರತೆಯ ವಾಸನೆ ಬಂದರೆ ಜಿಂಕೆಗಳು ಮುಸುವಗಳನ್ನು ಎಚ್ಚರಿಸುತ್ತಿದ್ದವು.

ಜಿಂಕೆಗಳ ಮುಖಂಡ ಕವಲರಾಯ. ಅವನ ಕೊಂಬು ಎಷ್ಟು ದೊಡ್ಡದೋ ಕೋಪವೂ ಅಷ್ಟೇ ದೊಡ್ಡದು. ಒಂದು ಬೆಳಿಗ್ಗೆ ಅರ್ಧ ಕಚ್ಚಿದ ಹಣ್ಣೊಂದು ಸರಿಯಾಗಿ ಅವನ ಮೂಗಿನ ಮೇಲೇ ಬಿತ್ತು.

"ಎಂಜಲು! ಇನ್ನೆಷ್ಟು ದಿನ ಇವರ ಎಂಜಲು ತಿನ್ನಬೇಕು?"

"ಕೈ ಜಾರಿತು ಕಣಯ್ಯಾ, ತಪ್ಪಾಯ್ತು," ಎಂದ ಹಿರಿಯ ಮುಸುವ ಬಾಲಪ್ಪ. ಹಾಗೆನ್ನುವಾಗ ಕಿಸಕ್ಕನೆ ನಕ್ಕೂಬಿಟ್ಟ. ನಗಬಾರದಿತ್ತು.

ಕವಲರಾಯ ಹುತ್ತದ ಮೇಲೆ ಹತ್ತಿ ನಿಂತ. "ಎಲ್ಲರೂ ಕೇಳಿ! ಇಂದಿನಿಂದ ನಮ್ಮ ಹುಲ್ಲುಗಾವಲು ಒಕ್ಕೂಟದಿಂದ ಬೇರೆಯಾಗಿದೆ. ನಮ್ಮದೀಗ ಸ್ವತಂತ್ರ ರಾಜ್ಯ! ಮುಸುವಗಳು ಪರರಾಜ್ಯದವರು. ಅವರ ಹಣ್ಣು ಮುಟ್ಟಬಾರದು, ಅವರ ಕೂಗಿಗೆ ಕಿವಿಗೊಡಬಾರದು!"

ಜಿಂಕೆಗಳೆಲ್ಲ ಜೈ ಎಂದವು. ಮರಿಗೆ ಹಾಲೂಡಿಸುತ್ತಿದ್ದ ಹೊನ್ನಕ್ಕ ಮಾತ್ರ, "ಸಿಟ್ಟಿದ್ದರೆ ನಾಲ್ಕು ಮಾತು ಬೈದುಬಿಡಿ ರಾಯರೇ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?" ಎಂದಳು.

"ನಿನಗೆ ಸ್ವಾಭಿಮಾನವೇ ಇಲ್ಲ, ಸುಮ್ಮನಿರು!"

ಅಷ್ಟರಲ್ಲಿ ಹಳ್ಳದ ಆಚೆ ದಡದಿಂದ ಚಿರತೆಯ ದನಿ ಕೇಳಿತು. "ಭಲೇ ಕವಲರಾಯ! ನಿಮ್ಮ ಹೊಸ ರಾಜ್ಯಕ್ಕೆ ಮೊದಲು ಮಾನ್ಯತೆ ಕೊಡುವವನು ನಾನೇ. ಆ ಕೂಗಿನ ಕಾನೂನಂತೂ ಬಹಳ ಚೆನ್ನಾಗಿದೆ!"

"ನೋಡಿದಿರಾ? ಚಿರತೆಯೂ ನಮಗೆ ಮರ್ಯಾದೆ ಕೊಡುತ್ತಿದೆ!" ಎಂದು ಕವಲರಾಯ ಎದೆಯುಬ್ಬಿಸಿದ.

ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಜಿಂಕೆಗಳ ಮೂಗಿಗೆ ಯಾವ ವಾಸನೆಯೂ ಬರಲಿಲ್ಲ. ಆಗ ಮರದ ಮೇಲಿಂದ ಬಾಲಪ್ಪ ಗಂಟಲು ಹರಿಯುವಂತೆ ಕೂಗಿದ. "ಖೊಕ್! ಖೊಕ್! ಓಡ್ರಪ್ಪೋ, ಹುಲ್ಲಿನೊಳಗೆ ಬರ್ತಾ ಇದೆ!"

ಜಿಂಕೆಗಳು ಓಡಲು ಕಾಲೆತ್ತಿದವು.

"ನಿಲ್ಲಿ! ಅದು ಪರರಾಜ್ಯದ ಕೂಗು!" ಎಂದು ಕವಲರಾಯ ಹುತ್ತದ ಮೇಲಿಂದ ಗದರಿಸಿದ. ಪಾಪ, ಎತ್ತಿದ ಕಾಲನ್ನು ಇಳಿಸಲೂ ತೋಚದೆ ಎಲ್ಲವೂ ಹಾಗೆಯೇ ನಿಂತವು.

ಹೊನ್ನಕ್ಕ ಮರಿಯ ಮುಖ ನೋಡಿದಳು. "ನಿಮ್ಮ ರಾಜ್ಯ ನಿಮಗೇ ಇರಲಿ, ನನ್ನ ಮಗು ನನಗೆ ಬೇಕು!" ಎಂದವಳೇ ಮರಿಯನ್ನು ಮುಂದೆ ತಳ್ಳಿಕೊಂಡು ಓಡಿದಳು. ಅವಳು ಓಡಿದ್ದೇ ತಡ, ಇಡೀ ಹಿಂಡು ಅವಳ ಹಿಂದೆ ಹಾರಿತು. ಮರಿ ನಿಂತಿದ್ದ ಜಾಗಕ್ಕೇ ಚಿರತೆ ದೊಪ್ಪನೆ ಬಂದು ಬಿತ್ತು.

ಹುತ್ತದ ಮೇಲೆ ಉಳಿದವನು ಕವಲರಾಯನೊಬ್ಬನೇ. ರಾಜನೂ ಅವನೇ, ಪ್ರಜೆಯೂ ಅವನೇ.

"ಬಾ ರಾಜಾ, ಮಾನ್ಯತೆ ಕೊಡುತ್ತೇನೆ!" ಎಂದು ಚಿರತೆ ನೆಗೆಯಿತು. ಕವಲರಾಯ ಬಿದ್ದೆನೋ ಕೆಟ್ಟೆನೋ ಎಂದು ಓಟ ಕಿತ್ತ. ಪುಣ್ಯಕ್ಕೆ ಬಾಲದ ತುದಿಯಷ್ಟೇ ಚಿರತೆಯ ಪಾಲಾಯಿತು.

ಸಂಜೆ ಮೋಟುಬಾಲದ ಕವಲರಾಯ ಅತ್ತಿಮರದ ಕೆಳಗೆ ತಲೆ ತಗ್ಗಿಸಿ ನಿಂತ.

"ಬಾಲಪ್ಪಣ್ಣ, ನಾವು ಬೇರೆಯಾಗಿದ್ದೆವಲ್ಲ. ಆದರೂ ಯಾಕೆ ಕೂಗಿದೆ?"

"ಬೇರೆಯಾದವರು ನೀವು," ಎಂದ ಬಾಲಪ್ಪ. "ನಾವು ಆಗಿರಲಿಲ್ಲವಲ್ಲ."

ನೀತಿ: ಮುನಿಸಿನ ಭರದಲ್ಲಿ ಮನೆ ಮುರಿಯಬಾರದು, ನಮ್ಮ ಒಡಕನ್ನು ಹೊಗಳುವವನು ಹಸಿದಿದ್ದಾನೆಯೇ ಎಂದು ಮೊದಲು ನೋಡಬೇಕು.